ಬೊಂಗೊ ಹಿಡಿದು ಕೂತವರು ಯಾರು

ಆ ಸಂಗೀತ ನನಗೆ ಸಿಕ್ಕಿದ್ದು ಫೋನಿನಿಂದ. ಪುಟ್ಟೇನಹಳ್ಳಿಯ ಬಾಡಿಗೆ ಮನೆಯಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿ ಹಳೆಯ ಸಿನಿಮಾಗಳ ಕ್ಯಾಬರೆ ಹಾಡು ಕೇಳುತ್ತಿದ್ದೆ. ಹಾಡು ಮುಗಿದ ಮೇಲೂ ಫೋನು ತನ್ನಷ್ಟಕ್ಕೆ ತಾನು ಏನೇನೋ ಹಾಕುತ್ತಾ ಹೋಯಿತು. ಅರೆನಿದ್ದೆಯಲ್ಲಿದ್ದಾಗ ಒಂದು ಹಕ್ಕಿ ಕೂಗಿತು. ಹತ್ತಿರದ ಕೆರೆಗೆ ಯಾವುದೋ ಹೊಸ ಹಕ್ಕಿ ಬಂದಿದೆ ಅಂದುಕೊಂಡು ಎದ್ದು ಕಿಟಕಿಗೆ ಹೋದೆ. ಎದುರುಮನೆಯ ಸೋಲಾರು, ತಂತಿಯ ಮೇಲೆ ಒಣಗಿದ ಲುಂಗಿ, ಅಷ್ಟೇ ಕಂಡಿತು. ಮತ್ತೆ ಕೂಗಿದಾಗ ತಿಳಿಯಿತು, ಹಕ್ಕಿ ಇದ್ದದ್ದು ಹಾಸಿಗೆಯ ಮೇಲಿನ ಫೋನಿನಲ್ಲಿ. ಅದರ ಹಿಂದೆ ಯಾರೋ ಲೋಹದ ಪಟ್ಟಿಗಳ ಮೇಲೆ ಮೆಲ್ಲಗೆ ಬಡಿಯುತ್ತಿದ್ದರು. ಜೊತೆಗೆ ಪುಟ್ಟ ಜೋಡಿ ಡೋಲು, ಬೊಂಗೊ.

ಇದನ್ನು ಎಕ್ಸಾಟಿಕಾ ಅನ್ನುತ್ತಾರೆಂದು ಆಮೇಲೆ ಓದಿದೆ. ಐವತ್ತು, ಅರವತ್ತರ ದಶಕದ ಅಮೆರಿಕದವರು ತಮ್ಮ ಮನೆಯ ಸೋಫಾದ ಮೇಲೆ ಕೂತು, ತಾವು ಯಾವುದೋ ದ್ವೀಪದಲ್ಲಿದ್ದೇವೆ ಅಂದುಕೊಳ್ಳಲು ಮಾಡಿಸಿಕೊಂಡ ಸಂಗೀತ. ಆ ದ್ವೀಪ ಯಾವ ನಕ್ಷೆಯಲ್ಲೂ ಇಲ್ಲ. ಹಕ್ಕಿಯ ಕೂಗು ಬ್ಯಾಂಡಿನವನೊಬ್ಬ ಬಾಯಿಂದ ಮಾಡಿದ್ದು. ಇದರ ಹತ್ತಿರದ ಸಂಬಂಧಿ ಲೌಂಜ್. ಹೋಟೆಲಿನಲ್ಲಿ ಊಟಕ್ಕೆ ಕೂತವರ ಮಾತಿಗೆ ಅಡ್ಡಿಯಾಗದ ಹಾಗೆ ನುಡಿಸುವಂಥದ್ದು.

ಬಾಗಲಕೋಟೆ ಕಡೆಯಿಂದ ಬಂದು, ಯಲಹಂಕದ ಒಂದು ಕಾಲೇಜಿನ ವರ್ಕ್‌ಶಾಪಿನಲ್ಲಿ ಹುಡುಗರಿಗೆ ಲೇತು ಮೆಷಿನ್ನು ನಡೆಸಲು ಕಲಿಸುವ ನನಗೆ ಇದು ಯಾಕೆ ಹಿಡಿಸಿತೋ ಗೊತ್ತಿಲ್ಲ. ನಮ್ಮ ಮನೆಯಲ್ಲಿ ಭಜನೆ ಬಿಟ್ಟರೆ ಬೇರೆ ಸಂಗೀತವೇ ಇರಲಿಲ್ಲ. ಒಂದು ರೆಕಾರ್ಡಿನಲ್ಲಿ ಆ ಅಮೆರಿಕದವರು ಭಾರತವನ್ನೂ ನುಡಿಸಿದ್ದರು. ಒಂದು ಗಂಟೆ, ಒಂದು ಪುಂಗಿ, ನಡುವೆ ಆನೆಯಂಥದ್ದೇನೋ ಘೀಳಿಟ್ಟಿತು. ಹೆಂಡತಿಗೆ ಕೇಳಿಸಿದೆ. ಅವಳು ಪಲ್ಯಕ್ಕೆ ಮೆಂತ್ಯ ಬಿಡಿಸುತ್ತಾ ಕೇಳಿ, "ಇದು ಯಾವ ಊರಾಗ ಹಿಂಗ ಇರತೈತ್ರೀ?" ಅಂದಳು. ನನಗೂ ಗೊತ್ತಿರಲಿಲ್ಲ. ಆದರೂ ಆ ರಾತ್ರಿ ಊಟದ ಮೇಲೆ ಅದನ್ನೇ ಮತ್ತೆ ಹಾಕಿದೆ.

ಹೀಗೆ ಕೇಳುವವರು ಬೆಂಗಳೂರಿನಲ್ಲೇ ಇನ್ನೂ ಕೆಲವರಿದ್ದರು. ಇಂಟರ್‌ನೆಟ್ಟಿನ ಒಂದು ಗುಂಪಿನಲ್ಲಿ ಪರಿಚಯವಾಗಿ, ಗಂಗಾನಗರದ ಒಬ್ಬರ ಮನೆಯಲ್ಲಿ ಭಾನುವಾರ ಸೇರತೊಡಗಿದೆವು. ಅವರು ಬ್ಯಾಂಕಿನಿಂದ ನಿವೃತ್ತರಾದವರು. ಟರ್ನ್‌ಟೇಬಲ್ಲು, ಸ್ಪೀಕರು, ಗೋಡೆ ತುಂಬ ರೆಕಾರ್ಡು ಎಲ್ಲ ಅವರದೇ. ಇನ್ನೊಬ್ಬಳು ಜಾಹೀರಾತುಗಳಿಗೆ ಸೌಂಡ್ ಎಡಿಟಿಂಗ್ ಮಾಡುವ ಹುಡುಗಿ. ಆಗಾಗ ಒಬ್ಬರಿಬ್ಬರು ಬಂದು ಹೋಗುವವರು. ಎಲ್ಲರೂ ಕಣ್ಣು ಮುಚ್ಚಿ ಕೂರುತ್ತಿದ್ದೆವು. ಒಂದು ಸೈಡು ಮುಗಿದರೆ ಯಾರಾದರೂ ಎದ್ದು ತಿರುಗಿಸಬೇಕು.

ಹೋದ ವರ್ಷ ಬೇಸಿಗೆಯಲ್ಲಿ ಗಂಗಾನಗರದವರಿಗೆ ಮಾಕಳಿಯ ಒಬ್ಬ ಹಳೆ ಫರ್ನಿಚರು ವ್ಯಾಪಾರಿಯ ಗೋಡೌನಿನಲ್ಲಿ ಒಂದು ಚಿಕ್ಕ ರೆಕಾರ್ಡು ಸಿಕ್ಕಿತು. ಅರವತ್ತರ ದಶಕದಲ್ಲಿ ಬೆಂಗಳೂರಿನ ಒಂದು ಹೋಟೆಲಿನ ಬ್ಯಾಂಡು ನುಡಿಸಿದ್ದು. ಆ ಹೋಟೆಲು ಈಗಿಲ್ಲ. ಅದೇ ಲೋಹದ ಪಟ್ಟಿ, ಅದೇ ಬೊಂಗೊ, ನಡುವೆ ಹಕ್ಕಿಯ ಕೂಗು. ಬೆಂಗಳೂರಿನಲ್ಲಿ ಕೂತು ಇವರು ಅಮೆರಿಕದವರ ಹಾಗೆ ನುಡಿಸಿದ್ದರು, ಆ ಅಮೆರಿಕದವರು ಎಲ್ಲೂ ಇಲ್ಲದ ದ್ವೀಪದವರ ಹಾಗೆ. ಯೋಚಿಸಹೋದರೆ ತಲೆ ತಿರುಗುತ್ತಿತ್ತು. ಕವರಿನ ಮೇಲೆ ನುಡಿಸಿದವರ ಹೆಸರಿಲ್ಲ. ಹಿಂಬದಿಯಲ್ಲಿ ಮಾತ್ರ ಒಂದು ಕಪ್ಪುಬಿಳುಪು ಫೋಟೊ, ಬ್ಯಾಂಡಿನವರು ಸಾಲಾಗಿ ಕೂತದ್ದು. ತುದಿಯಲ್ಲಿದ್ದ ತೆಳ್ಳಗಿನ ಯುವಕನ ಮಂಡಿಗಳ ನಡುವೆ ಬೊಂಗೊ.

ರೆಕಾರ್ಡು ತೊಳೆಯುವ ಕೆಲಸ ನನ್ನದಾಗಿತ್ತು. ಮನೆಗೆ ತಂದು, ಸೋಪಿನ ನೀರಿನಲ್ಲಿ ಮೆಲ್ಲಗೆ ತೊಳೆದು, ಮಹಡಿಯ ಮೇಲೆ ನೆರಳಿನಲ್ಲಿ ಇಟ್ಟಿದ್ದೆ. ಬೂಷ್ಟು ವಾಸನೆ ಹೋಗಲೆಂದು ಕವರನ್ನು ಬಟ್ಟೆಯ ಕ್ಲಿಪ್ಪಿಗೆ ಸಿಕ್ಕಿಸಿದ್ದೆ. ಆಗ ನಮಗೆ ಮನೆ ಬಾಡಿಗೆ ಕೊಟ್ಟ ಯಜಮಾನರು ನೀರಿನ ಟ್ಯಾಂಕು ನೋಡಲು ಮೇಲೆ ಬಂದರು. ಅವರು ಪುಟ್ಟೇನಹಳ್ಳಿಯ ಹಳೆಯ ಮನೆತನದವರು. ಎಂಬತ್ತು ದಾಟಿದೆ. ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾಗಿ, ಕೆಳಗೆ ಹೆಂಡತಿ, ಮಗ, ಸೊಸೆಯ ಜೊತೆ ಇದ್ದಾರೆ. ಟ್ಯಾಂಕಿನ ಮುಚ್ಚಳ ಮುಚ್ಚಿ ಬಂದವರು ಕವರಿನ ಮುಂದೆ ನಿಂತರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು.

"ಮೇಷ್ಟ್ರೇ, ಇದು ನಿಮ್ಗೆಲ್ಲಿ ಸಿಕ್ತು?"

"ಮಾಕಳಿಯಲ್ಲಿ ಯಜಮಾನ್ರೇ. ಯಾಕೆ?"

"ಇದು ನಾನು," ಅಂದರು, ಬೊಂಗೊದವನ ಮೇಲೆ ಬೆರಳಿಟ್ಟು. "ಈ ಅಂಗಿ ಭಾಳ ಚುಚ್ತಿತ್ತು. ಅಸಿರು ಬಣ್ಣ."

ನಾನು ಫೋಟೊ ನೋಡಿದೆ, ಅವರ ಮುಖ ನೋಡಿದೆ. ದವಡೆ ಹೋಲುತ್ತಿತ್ತು, ಹಣೆ ಹೋಲುತ್ತಿರಲಿಲ್ಲ. ಹಣೆಯ ಮೇಲೆ ಈಗ ಕೂದಲೂ ಇರಲಿಲ್ಲ.

ಸುದ್ದಿ ಕೇಳಿದ ಗಂಗಾನಗರದವರು ಮಾರನೆಯ ದಿನವೇ ಸೌಂಡ್ ಹುಡುಗಿಯನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಯಜಮಾನರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು ಮೇಲೆ ಬಂದು ಕೂತರು. ಗಂಗಾನಗರದವರು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟರು. ಊಟ ಕೊಡ್ತಿದ್ರಾ ಅಂದರೆ, ಕೊಡ್ತಿದ್ರು, ಆದರೆ ಎಲ್ಲ ಆರಿಹೋದ ಮೇಲೆ. ಬ್ಯಾಂಡಿನಲ್ಲಿ ಉಳಿದವರು ಎಲ್ಲಿಯವರು ಅಂದರೆ, ಅದು ನೆನಪಿಲ್ಲ. ಹೋಟೆಲಿನ ಬಾಗಿಲು ಯಾವ ಕಡೆಗಿತ್ತು ಅಂದರೆ, ಸುಮ್ಮನೆ ಫ್ಯಾನು ನೋಡಿದರು.

"ಸಾರ್, ಹಕ್ಕಿ ಕೂಗಿದ್ದು ಯಾರು?" ಹುಡುಗಿ ಕೇಳಿದಳು.

"ಅದೂ ನಾನೇ ಕಣಮ್ಮ."

ಗಂಟಲು ಸರಿ ಮಾಡಿಕೊಂಡು, ಕೈಯನ್ನು ಬಾಯಿಗೆ ಅಡ್ಡ ಹಿಡಿದು ಕೂಗಿದರು. ಕೆಂಬೂತದ ಕೂಗು, ಒಳಗಿನಿಂದ ಎದ್ದು ಬರುವ ಕೂಪ್ ಕೂಪ್. ಅಡುಗೆಮನೆಯಲ್ಲಿದ್ದ ನನ್ನ ಹೆಂಡತಿ ಕಿಟಕಿಯಾಚೆ ಇಣುಕಿದಳು. ಗಂಗಾನಗರದವರ ಕಣ್ಣು ಒದ್ದೆಯಾಗಿತ್ತು. ಆದರೆ ಹೋಗುವಾಗ ಮೆಟ್ಟಿಲ ಮೇಲೆ ಹುಡುಗಿ ನನಗೆ ಮಾತ್ರ ಕೇಳುವಂತೆ, "ಸಾರ್, ರೆಕಾರ್ಡಲ್ಲಿರೋದು ಕೆಂಬೂತ ಅಲ್ಲ, ಬೇರೆ ಏನೋ," ಅಂದಳು.

ಅವರು ಹೋದ ಮೇಲೆ ಹೆಂಡತಿ ಕೆಳಗೆ ಹೋಗಿ ಅಜ್ಜಿಯ ಹತ್ತಿರ ಮಾತಾಡಿ ಬಂದಳು. ಯಜಮಾನರ ಹೆಂಡತಿಯನ್ನು ನಾವು ಅಜ್ಜಿ ಅಂತಲೇ ಕರೆಯುತ್ತೇವೆ.

"ಅವರು ಆ ಹೋಟೆಲ್‌ಗೆ ಹೋಗೇ ಇಲ್ಲಂತ್ರೀ. ಅಜ್ಜಿ ಮದಿವಿ ಆಗಿ ಬಂದಾಗಿಂದ ಕಾರ್ಖಾನೆ ಬಿಟ್ರ ದ್ರಾಕ್ಷಿ ತೋಟ, ಅಷ್ಟ ಅಂತ."

"ಹಂಗಾರ ಫೋಟೊದಾಗ ಅವರಲ್ಲೇನು?"

"ಅದನ್ನೂ ಕೇಳಿದೆ. ಮಾರಿ ಮಾತ್ರ ಅವರದ ಅಂತಾರ."

ನನಗೆ ನಂಬಿಕೆ ಬರದೆ ನಾನೇ ಕವರು ಹಿಡಿದು ಕೆಳಗೆ ಹೋದೆ. ಅಜ್ಜಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಮಕ ಅವ್ರ್ದೇ ಕಣಪ್ಪ. ಆದ್ರೆ ಅವ್ರು ಓಗಿಲ್ಲ," ಅಂದರು. ಎರಡನ್ನೂ ಒಂದೇ ಉಸಿರಿನಲ್ಲಿ, ಎರಡರಲ್ಲೂ ಅನುಮಾನವಿಲ್ಲದ ಹಾಗೆ. ಎರಡೂ ಹೇಗೆ ನಿಜವಾಗುತ್ತವೆಂದು ಕೇಳಬೇಕೆನಿಸಿತು. ಅವರಿಗೆ ಅದರಲ್ಲಿ ಕೇಳುವಂಥದ್ದೇನೂ ಕಂಡಂತಿರಲಿಲ್ಲ. ಕಾಫಿ ಕುಡಿದು ಹೋಗು ಅಂದರು.

ಅಷ್ಟರಲ್ಲಿ ಗಂಗಾನಗರದವರು ಫೋಟೊವನ್ನೂ ಯಜಮಾನರ ಈಗಿನ ಚಿತ್ರವನ್ನೂ ವಿದೇಶದ ರೆಕಾರ್ಡು ಸಂಗ್ರಾಹಕರ ಇಂಟರ್‌ನೆಟ್ ಪುಟದಲ್ಲಿ ಹಾಕಿಬಿಟ್ಟಿದ್ದರು. ದೂರದೂರದಿಂದ ಜನ ಬರೆದರು. ಒಬ್ಬರು ಇವರ ಜೊತೆ ಮಾತಾಡಬೇಕೆಂದರು. ಇನ್ನೊಬ್ಬರು ಇವರು ಯಾವ ದ್ವೀಪದವರು ಎಂದು ಕೇಳಿದ್ದರು. ನಾನು ಅದನ್ನು ಯಜಮಾನರಿಗೆ ಹೇಳಿದಾಗ, "ಪುಟ್ಟೇನಳ್ಳಿ ಅಂತ ಬರೀರಿ," ಅಂದರು.

ಮುಂದಿನ ಭಾನುವಾರ ಅವರನ್ನು ಆಟೊದಲ್ಲಿ ಗಂಗಾನಗರಕ್ಕೆ ಕರೆದುಕೊಂಡು ಹೋದೆ. ಗಂಗಾನಗರದವರು ಎಲ್ಲಿಂದಲೋ ಒಂದು ಬೊಂಗೊ ತರಿಸಿದ್ದರು. ಯಜಮಾನರು ಅದನ್ನು ಮಂಡಿಗಳ ನಡುವೆ ಹಿಡಿಯಲಿಲ್ಲ. ನೆಲಕ್ಕೆ ಇಳಿದು, ಚಕ್ಕಳಮಕ್ಕಳ ಹಾಕಿ, ಅದನ್ನು ತಬಲದ ಹಾಗೆ ಮುಂದಿಟ್ಟುಕೊಂಡರು. ಮೊದಲು ಅಂಗೈಯಿಂದ ಸವರಿದರು. ಆಮೇಲೆ ಬಾರಿಸತೊಡಗಿದರು. ಒಂದು ಸಲ ನಮ್ಮೂರ ಭಜನೆಯ ಹಾಗೆ ಕೇಳಿತು, ಒಂದು ಸಲ ತಮಟೆಯ ಹಾಗೆ. ಅವರು ಬಾರಿಸುತ್ತಿರುವಾಗಲೇ ಹುಡುಗಿ ಆ ರೆಕಾರ್ಡು ಹಾಕಿದಳು. ಸ್ವಲ್ಪ ಹೊತ್ತು ಎರಡೂ ಕೂಡಿಕೊಂಡು ಹೋದವು. ಇನ್ನೇನು ಸರಿ, ಇವರೇ ಅನ್ನುವಷ್ಟರಲ್ಲಿ ತಾಳ ಜಾರಿ, ಅವರೊಂದು ಕಡೆ, ಬ್ಯಾಂಡು ಒಂದು ಕಡೆ ಹೋಯಿತು. ಅವರು ಮಾತ್ರ ನಿಲ್ಲಿಸಲಿಲ್ಲ.

ಅವರು ಬಚ್ಚಲಿಗೆ ಎದ್ದುಹೋದಾಗ ಜಗಳ ಶುರುವಾಯಿತು.

"ಎಂಬತ್ತು ದಾಟಿದ ಕೈ ಕಣಮ್ಮ. ಇನ್ನೆಷ್ಟು ಬಾರಿಸ್ಬೇಕು?" ಗಂಗಾನಗರದವರು ಅಂದರು.

"ಬಾರ್ಸೋದು ಮರೀಬಹುದು ಸಾರ್. ಹಿಡ್ಕೊಳ್ಳೋದು ಮರೆಯುತ್ತಾ?"

"ಹಂಗಾದ್ರೆ ಅಂಗಿ ಚುಚ್ತಿತ್ತು ಅನ್ನೋದು ಹೇಗ್ ಗೊತ್ತು? ಅದನ್ನ ಯಾರಾದ್ರೂ ಕಟ್ಟಿ ಹೇಳ್ತಾರಾ?"

"ನಂಗ್ ಗೊತ್ತಿಲ್ಲ. ಆದ್ರೆ ಪೇಜಲ್ಲಿ ಹಾಕೋ ಮುಂಚೆ ಕೇಳ್ಬೇಕಿತ್ತು."

ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಒಮ್ಮೆ ಇವರ ಮಾತಿಗೆ, ಒಮ್ಮೆ ಅವಳ ಮಾತಿಗೆ ತಲೆಯಾಡಿಸುತ್ತಿದ್ದೆ ಅನ್ನುವುದು ಆಗ ಗೊತ್ತಾಯಿತು. ಯಜಮಾನರು ಕೈ ಒರೆಸಿಕೊಳ್ಳುತ್ತಾ ಬಂದಾಗ ಗಂಗಾನಗರದವರು ಎದ್ದು ರೆಕಾರ್ಡನ್ನು ಕವರಿಗೆ ಹಾಕತೊಡಗಿದರು. ಆ ದಿನ ಹುಡುಗಿ ಬೇಗ ಹೊರಟುಹೋದಳು. ಆಮೇಲೆ ಕೆಲವು ವಾರ ನಾವು ಸೇರಲೇ ಇಲ್ಲ.

ಮನೆಯಲ್ಲಿ ನನ್ನದು ಒಂದೇ ಗುನುಗು. ಅವರು ಸುಳ್ಳು ಹೇಳುತ್ತಿದ್ದಾರೆಯೆ? ಹೇಳಿ ಅವರಿಗೇನು ಬರಬೇಕಿತ್ತು? ಹೆಂಡತಿಗೆ ಕೇಳಿ ಕೇಳಿ ಸಾಕಾಗಿತ್ತು.

"ಹಕ್ಕಿ ಹಂಗ ಮನಷ್ಯಾನ ಕೂಗ್ಯಾನ ಅಂತ ಗೊತ್ತಾದ ಮ್ಯಾಲೂ ಕುಂತು ಕೇಳತೀರಿ. ದ್ವೀಪ ಇಲ್ಲ ಅಂತ ನೀವ ಹೇಳತೀರಿ. ಆ ಹಿರ್ಯಾರು ಒಬ್ಬರ ಮಾತ್ರ ಖರೇನ ಇರಬೇಕೇನು?"

ಆ ಮಾತಿನಿಂದ ನನಗೆ ಸಮಾಧಾನವಾಗಲಿಲ್ಲ. ದ್ವೀಪ ಬೇರೆ, ದಿನಾ ಮೆಟ್ಟಿಲಲ್ಲಿ ಸಿಗುವ ಮನುಷ್ಯ ಬೇರೆ ಅನಿಸುತ್ತಿತ್ತು.

ಕೊನೆಗೆ ಒಂದು ಬೆಳಿಗ್ಗೆ ಅವರ ಜೊತೆಗೇ ಕೆರೆಯ ಕಡೆ ವಾಕಿಂಗ್ ಹೊರಟು, ಬೇಲಿಯ ಪಕ್ಕದ ಕಲ್ಲುಬೆಂಚಿನ ಮೇಲೆ ಕೂತಾಗ ನೇರವಾಗಿ ಕೇಳಿದೆ.

"ಯಜಮಾನ್ರೇ, ತಪ್ಪು ತಿಳ್ಕೋಬೇಡಿ. ಆ ಫೋಟೊದಲ್ಲಿರೋದು ನಿಜವಾಗ್ಲೂ ನೀವೇನಾ?"

ಅವರಿಗೆ ಸಿಟ್ಟು ಬರಲಿಲ್ಲ. ಕೋಲಿನ ತುದಿಯಿಂದ ನೆಲದ ಮೇಲಿನ ಎಲೆಯೊಂದನ್ನು ಅತ್ತಿತ್ತ ತಳ್ಳಿದರು.

"ನೋಡಿದ್ ತಕ್ಷಣ ನಾನೇ ಅನ್ನಿಸ್ತು ಮೇಷ್ಟ್ರೇ. ಅಂಗಿ ಚುಚ್ಚಿದ್ದು ಇಲ್ಲಿ, ಕತ್ತಿನತ್ರ, ಈಗ್ಲೂ ಗ್ಯಾಪ್ಕ ಐತೆ. ಅನ್ನ ಆರೋಗಿರ್ತಿದ್ದುದು ಗ್ಯಾಪ್ಕ ಐತೆ. ಓಟ್ಲು ಮಾತ್ರ ಬರಲ್ಲ. ಅಲ್ಲಿಗೆ ಯಂಗೋದೆ, ಯಂಗ್ ಬಂದೆ, ಒಂದೂ ಬರಲ್ಲ. ಮನೇವ್ಳು ನೀನು ಓಗಿಲ್ಲ ಅಂತಾಳೆ. ಅವ್ಳ್ಗೆ ಎಲ್ಲಾ ಗ್ಯಾಪ್ಕ ಇರ್ತದೆ."

"ಬೇರೆ ಎಲ್ಲಾದ್ರೂ ಆ ಅಂಗಿ ಹಾಕಿರ್ಬಹುದಾ?"

"ಇರ್ಬೌದು. ನಂಗೂ ತಲೆ ಕೆಟ್ಟೋಗೈತೆ." ಸ್ವಲ್ಪ ಹೊತ್ತು ಬಿಟ್ಟು ನನ್ನ ಕಡೆ ನೋಡದೆ ಕೇಳಿದರು, "ನಾನಲ್ಲ ಅಂದ್ರೆ ಭಾನ್ವಾರ ಬರ್ಬಾರ್ದಾ?"

"ಬರ್ಬೇಕು ಯಜಮಾನ್ರೇ. ಯಾರಾದ್ರೂ ಬರ್ಬಹುದು," ಅಂದೆ. ನನಗೆ ಬೇಕಾದ ಉತ್ತರ ಸಿಕ್ಕಿರಲಿಲ್ಲ; ಇನ್ನು ಕೇಳಲು ಯಾರೂ ಉಳಿದಿರಲಿಲ್ಲ.

ಅಂದೇ ಗಂಗಾನಗರದವರಿಗೂ ಹುಡುಗಿಗೂ ಫೋನು ಮಾಡಿ ಯಜಮಾನರು ಕೇಳಿದ್ದನ್ನು ಹೇಳಿದೆ. ಹುಡುಗಿ, ಭಾನುವಾರ ಬರ್ತೀನಿ ಅಂದಳು. ಗಂಗಾನಗರದವರು ಪುಟದಲ್ಲಿ ಹಾಕಿದ್ದನ್ನು ತೆಗೆಯಲಿಲ್ಲ. ಕೆಳಗೆ "ಇರಬಹುದು" ಎಂದೊಂದು ಮಾತು ಸೇರಿಸಿದರು. ಈಗಲೂ ಹೊಸಬರು ಬಂದರೆ ಅವರು ಯಜಮಾನರನ್ನು ಬೊಂಗೊ ವಾದಕರೆಂದು ಪರಿಚಯಿಸುತ್ತಾರೆ. ಹುಡುಗಿ ನಮ್ಮ ಮೇಷ್ಟ್ರ ಮನೆ ಓನರ್ ಅನ್ನುತ್ತಾಳೆ. ಯಜಮಾನರು ಎರಡಕ್ಕೂ ಕೈ ಮುಗಿಯುತ್ತಾರೆ. ಕಪ್ಪೆಯ ದನಿ ಬರುವ ರೆಕಾರ್ಡು ಅವರಿಗೆ ಆಗುವುದಿಲ್ಲ. ಅದನ್ನು ಹಾಕಿದರೆ ಎದ್ದು ಬಾಲ್ಕನಿಗೆ ಹೋಗುತ್ತಾರೆ.

ಹೋದ ತಿಂಗಳು ಅಜ್ಜಿಯೂ ಬಂದರು. ಮಗ ಸೊಸೆ ಯಾರದೋ ಮದುವೆಗೆಂದು ಬೇರೆ ಊರಿಗೆ ಹೋಗಿದ್ದರು, ಒಬ್ಬರೇ ಯಾಕಿರಲಿ ಎಂದು ನನ್ನ ಹೆಂಡತಿಯೇ ಹೊರಡಿಸಿದಳು. ಗಂಗಾನಗರದವರು ಅವರಿಗೆ ಒಳ್ಳೆಯ ಕುರ್ಚಿ ಕೊಟ್ಟರು. ಪಿಯಾನೊ, ಮಳೆಯ ಸದ್ದು, ದೂರದಲ್ಲೆಲ್ಲೋ ಗಂಟೆ ಇರುವ ಒಂದು ರೆಕಾರ್ಡು ಹಾಕಿದರು. ಎಲ್ಲರೂ ಕಣ್ಣು ಮುಚ್ಚಿದೆವು. ಅಜ್ಜಿ ಮುಚ್ಚಲಿಲ್ಲ ಅನಿಸುತ್ತದೆ. ಒಂದು ಸೈಡು ಮುಗಿಯುತ್ತಾ ಬಂದಾಗ ಅವರು ನನ್ನ ತೋಳು ಮುಟ್ಟಿದರು.

"ಇದ್ರಲ್ಲಿ ಯಾರೂ ಪದ ಏಳಲ್ವಾ?"

"ಇಲ್ಲ ಅಜ್ಜಿ. ಇದ್ರಲ್ಲಿ ಹಾಡೋರು ಇರಲ್ಲ."

"ಮತ್ತೆ ಇಷ್ಟೊತ್ತೂ ಯಾರ್ಗ್ ಕಾಯ್ತಾ ಕುಂತಿದೀವಿ?"

ನಾನು ಗಂಗಾನಗರದವರನ್ನು ನೋಡಿದೆ. ಅವರು ಹುಡುಗಿಯನ್ನು ನೋಡಿದರು. ಸೂಜಿ ಕೊನೆಯ ಗೆರೆಗೆ ಬಂದು ಟಿಕ್ ಟಿಕ್ ಅನ್ನುತ್ತಿತ್ತು. ಯಜಮಾನರೇ ಎದ್ದು, ಎರಡೂ ಅಂಗೈಯಿಂದ ಅಂಚು ಹಿಡಿದು, ರೆಕಾರ್ಡನ್ನು ಇನ್ನೊಂದು ಸೈಡಿಗೆ ತಿರುಗಿಸಿದರು.