ನುಂಗದೆ ಉಳಿಸಿದ ಮಾತ್ರೆ

ಗುಂಡ್ಲುಪೇಟೆಯ ಲ್ಯಾಬಿನಲ್ಲಿ ಕೂತು ಊರವರ ರಕ್ತದಲ್ಲಿ ಮಲೇರಿಯಾ ಹುಡುಕುವುದು ನನ್ನ ಕೆಲಸ. ಜ್ವರ ಬಿಟ್ಟ ಕೂಡಲೇ ಮಾತ್ರೆ ಬಿಡುವವರನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಎಷ್ಟು ಜನಕ್ಕೆ ಬೈದಿದ್ದೇನೋ!

ಬಂಡೀಪುರದಂಚಿನ ಹಳ್ಳಿಗಳಿಗೆ ರಕ್ತಪರೀಕ್ಷೆಗೆ ಹೋಗಿ ಬಂದ ಮೇಲೆ ನನಗೇ ಮಲೇರಿಯಾ ಹಿಡಿಯಿತು. ಮೂರು ದಿನದ ಮಾತ್ರೆ; ಎರಡನೆಯ ದಿನ ಅದರ ಜೊತೆಗೆ ಇನ್ನೊಂದು ಬೇರೆ ಮಾತ್ರೆ. ಬರಿಹೊಟ್ಟೆಗೆ ಅದು ಆಗಿಬರುವುದಿಲ್ಲ. ಅಂದು ಸೋಮವಾರ, ಮಾದಪ್ಪನ ಹೆಸರಿನಲ್ಲಿ ಒಂದೊತ್ತು ಉಪವಾಸ. ಸಂಜೆ ಉಂಡ ಮೇಲೆ ನುಂಗಿದರಾಯಿತು ಎಂದು ಎತ್ತಿಟ್ಟೆ. ಅಷ್ಟೊತ್ತಿಗೆ ಜ್ವರ ಇಳಿದು ಮೈ ಹಗುರಾಗಿತ್ತು. ಮರೆತೆ ಎಂದರೆ ಸುಳ್ಳಾಗುತ್ತದೆ, ಉದಾಸೀನ ಮಾಡಿದೆ. ಸುಧಾರಿಸಿಕೊಳ್ಳಲು ಚಾಮರಾಜನಗರದ ಹತ್ತಿರದ ತವರಿಗೆ ಹೋಗಿ ಅವ್ವನ ಪಕ್ಕದಲ್ಲಿ ಹದಿನೈದು ದಿನ ಮಲಗಿದೆ.

ಆ ಮಾತ್ರೆ ಯಾತಕ್ಕೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಜ್ವರ ಬಿಟ್ಟರೂ ರೋಗಾಣುವಿನ ಗಂಡು ಹೆಣ್ಣು ರೂಪಗಳು ರಕ್ತದಲ್ಲಿ ಉಳಿದಿರುತ್ತವೆ. ಅವನ್ನು ಕೊಲ್ಲಲು ಅದು ಬೇಕು. ಸೊಳ್ಳೆ ಹೀರಿಕೊಂಡರೆ ಅದರ ಹೊಟ್ಟೆಯಲ್ಲಿ ಅವು ಕೂಡಿ ಬೆಳೆಯುತ್ತವೆ, ಆಮೇಲೆ ಆ ಸೊಳ್ಳೆ ಕಚ್ಚಿದವರಿಗೆ ರೋಗ ಅಂಟುತ್ತದೆ. ಆ ಗಂಡು ಹೆಣ್ಣು ರೂಪಗಳು ಒಂದನ್ನೊಂದು ಹಿಡಿದುಕೊಳ್ಳುವುದು ತಮ್ಮ ಮೈಮೇಲಿನ ಪ್ರೊಟೀನುಗಳಿಂದ. ಆ ಪ್ರೊಟೀನುಗಳನ್ನೇ ಕಟ್ಟಿಹಾಕುವ ಲಸಿಕೆಗೆ ಪ್ರಯತ್ನ ನಡೆದಿದೆ, ಹಾಕಿಸಿಕೊಂಡವರಿಗೆ ಜ್ವರ ತಪ್ಪುವುದಿಲ್ಲ, ಅವರಿಂದ ಇನ್ನೊಬ್ಬರಿಗೆ ಹರಡುವುದು ತಪ್ಪುತ್ತದೆ ಎಂದು ತರಬೇತಿಯಲ್ಲಿ ಡಾಕ್ಟರೊಬ್ಬರು ಹೇಳಿದ್ದರು. "ಅದ್ನ ಯಾರ್ ಹಾಕಿಸ್ಕತಾರೆ ಸಾ?" ಎಂದು ಕೇಳಿ ನಕ್ಕವಳು ನಾನೇ.

ತಿಂಗಳು ಕಳೆದ ಮೇಲೆ ಅವ್ವನಿಗೆ ಚಳಿಜ್ವರ ಬಂತು. ಅವಳು ಊರು ಬಿಟ್ಟು ಎಲ್ಲೂ ಹೋದವಳಲ್ಲ. ಆ ಬೀದಿಯಲ್ಲಿ ಬೇರೆ ಯಾರಿಗೂ ಮಲೇರಿಯಾ ಬಂದದ್ದು ಕೇಳಿರಲಿಲ್ಲ. ಅವಳ ರಕ್ತದ ಸ್ಲೈಡು ನಾನೇ ನೋಡಿದೆ. ನನಗೆ ಬಂದಿದ್ದ ಜಾತಿಯದೇ ಮಲೇರಿಯಾ. ಆಸ್ಪತ್ರೆಯಲ್ಲಿ ನಾಲ್ಕು ದಿನ ಅವಳಿಗೆ ನನ್ನ ಗುರುತೇ ಸಿಗಲಿಲ್ಲ. ಐದನೆಯ ದಿನ ಕಣ್ಣು ಬಿಟ್ಟು ಗಂಜಿ ಕುಡಿದಳು. ಆಗ ಎಲ್ಲವನ್ನೂ ಹೇಳಿಬಿಟ್ಟೆ. ಬೈಯಲಿ ಎಂದೇ ಕಾದೆ.

"ನಿನ್ನಿಂದ್ಲೇ ಬಂತಾ? ಓಗ್ಲಿ ಬುಡವ್ವ. ಪಕ್ಕದ್ ಮನೇಲಿ ಬಾಣಂತಿ ಅವ್ಳೆ. ಅವ್ಳಿಗ್ ಬರ್ದೆ ನಂಗ್ ಬಂತಲ್ಲ, ಅಷ್ಟೇ ಸಾಕು."

ಆ ಬಾಣಂತಿಯ ಯೋಚನೆಯೇ ನನಗೆ ಬಂದಿರಲಿಲ್ಲ. ನಾಚಿಕೆಯಿಂದ ಸತ್ತುಹೋದೆ. ಮರುದಿನ ಬೆಳಿಗ್ಗೆ ಸೂಜಿ, ಸ್ಲೈಡು ಹಿಡಿದು ಅವಳ ಬಾಗಿಲಿಗೆ ಹೋಗಿ, ಅವಳದೂ ಮಗುವಿನದೂ ರಕ್ತ ನೋಡಬೇಕು ಎಂದೆ.

"ಮಗೀಗೆ ಏನೂ ಆಗಿಲ್ವಲ್ಲಕ್ಕ, ಯಾಕೆ?" ಎಂದಳು.

ನಿಜ ಹೇಳಿದೆ. ಅವಳು ಮಗುವನ್ನು ಎದೆಗವಚಿಕೊಂಡಳು. ಆಮೇಲೆ ಸೂಜಿ ಚುಚ್ಚಲೆಂದು ಅದರ ಪುಟ್ಟ ಹಿಮ್ಮಡಿಯನ್ನು ನನ್ನ ಕೈಗೆ ಕೊಟ್ಟಳು.