ಚಾದರ ಹೊದ್ದ ಕಂಪ್ಯೂಟರ್

ನಗುವುದಿದ್ದರೆ ಈಗಲೇ ನಕ್ಕುಬಿಡಿ. ಐವತ್ತು ದಾಟಿದ ಮೇಲೂ ನಾನು ಮಧ್ಯಾಹ್ನದ ಊಟ ಮುಗಿಸಿ ಲ್ಯಾಪ್‌ಟಾಪಿನಲ್ಲಿ ಕಾರಿನ ರೇಸು ಆಡುತ್ತೇನೆ. ಇವತ್ತು ಐದನೆಯ ಸುತ್ತಿಗೇ ಅದರ ಫ್ಯಾನು ಹಿಟ್ಟಿನ ಗಿರಣಿಯ ಹಾಗೆ ಮೊರೆಯತೊಡಗಿತು, ಕೀಲಿಗಳ ಸಂದಿಯಿಂದ ಕಾದ ಧೂಳಿನ ವಾಸನೆ ಬಂತು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗುತ್ತದೆ, ನಡುನಡುವೆ ವಿಶ್ರಾಂತಿ ಕೊಡಿ ಎಂದು ರಿಪೇರಿಯವನು ಹೇಳಿದ್ದಾನೆ. ವಿಶ್ರಾಂತಿ ಅದಕ್ಕೋ ನನಗೋ ಎಂದು ನಾನು ಕೇಳಲಿಲ್ಲ. ಆದರೆ ಆ ವಾಸನೆ ನನಗೆ ಹಳೆಯ ಪರಿಚಯ.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನು ಮದುವೆಯಾಗಿ ಅಕ್ಕಲಕೋಟೆಯಿಂದ ಸೊಲ್ಲಾಪುರಕ್ಕೆ ಬಂದ ಹೊಸತು. ಬಸ್ಸಿನಲ್ಲಿ ಒಂದು ನಿದ್ದೆಯೂ ಪೂರ್ತಿಯಾಗದ ದಾರಿ. ಆದರೂ ಹೊರಡುವಾಗ ಸಮುದ್ರ ದಾಟುವವಳ ಹಾಗೆ ಅತ್ತಿದ್ದೆ. ಯಜಮಾನರು ಬೆಳಿಗ್ಗೆ ಹೋಟಗಿ ಸ್ಟೇಷನ್ನಿಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆಗೆ. ಮನೆಯಲ್ಲಿ ಅತ್ತೆ, ಮಾವ, ನಾನು. ಮಾವನವರು ಕಚೇರಿಯಲ್ಲಿ ಹೆಡ್‌ಕ್ಲಾರ್ಕ್ ಆಗಿದ್ದು ಆಗಷ್ಟೇ ನಿವೃತ್ತರಾಗಿದ್ದರು. ಮಾತೆಲ್ಲವನ್ನೂ ಫೈಲಿನಲ್ಲಿ ಕಟ್ಟಿಟ್ಟು ಬಂದಿದ್ದರೋ ಏನೋ, ದಿನಕ್ಕೆ ನನ್ನ ಕೂಡ ಆಡುತ್ತಿದ್ದದ್ದು ಮೂರೇ ಮಾತು: "ಚಹಾ ಆತೇನು?" "ಪೇಪರ್ ಬಂತೇನು?" "ದೀಪ ಹಚ್ಚು."

ಹೀಗಿರುವಾಗ ಒಂದು ದಿನ ಯಜಮಾನರು ಕಂಪ್ಯೂಟರ್ ತಂದರು. ಅವರ ಗೆಳೆಯರೊಬ್ಬರ ಚಾದರದ ಕಾರ್ಖಾನೆಯಲ್ಲಿ ನವಿಲು, ಕಮಲದ ವಿನ್ಯಾಸ ಬಿಡಿಸುತ್ತಿದ್ದ ಯಂತ್ರ. ಅಲ್ಲಿಗೆ ಹೊಸದು ಬಂದಿತ್ತು, ಹಳೆಯದು ನಮ್ಮ ಪಾಲಿಗೆ ಬಂತು. ಚಿತ್ರ ಚೆನ್ನಾಗಿ ಮೂಡಲೆಂದು ಅದರೊಳಗೆ ಒಳ್ಳೆಯ ಕಾರ್ಡೊಂದು ಇತ್ತು. ಯಾರೋ ಪುಣ್ಯಾತ್ಮರು ಒಂದು ಕಾರಿನ ಆಟವನ್ನೂ ಹಾಕಿಟ್ಟಿದ್ದರು.

ಮಾವನವರು ಜೀವಮಾನದಲ್ಲಿ ಸೈಕಲ್ಲಿಗಿಂತ ದೊಡ್ಡದೇನನ್ನೂ ಓಡಿಸಿದವರಲ್ಲ. ಆಟ ನೋಡಿ ಕುರ್ಚಿ ಎಳೆದುಕೊಂಡು ಕೂತರು. ಒಬ್ಬನೇ ಮನುಷ್ಯ ಹ್ಯಾಂಡಲ್ಲನ್ನೂ ಹಿಡಿದು ವೇಗವನ್ನೂ ನೋಡಿಕೊಳ್ಳುವುದು ಅವರಿಗೆ ಸರಿಕಾಣಲಿಲ್ಲ. ಕಚೇರಿಯಲ್ಲಿ ಹಾಗೆ ನಡೆಯುತ್ತದೆಯೇ? ಕೆಲಸ ಹಂಚಿದರು. ಎಡಬಲ ತಿರುಗಿಸುವ ಕೀಲಿ ಅವರದು, ವೇಗ ಮತ್ತು ಬ್ರೇಕು ನನ್ನದು.

"ಬ್ರೇಕ್ ಹಾಕು ತಂಗಿ, ಹಿಂದಿನವರು ಅವಸರದಾಗ ಇದ್ದಂಗ ಕಾಣ್ತದ, ಹೋಗ್ಲಿ ಬಿಡು ಪಾಪ!"

"ಮಾವಾರ, ಇದು ರೇಸ್ ಅದರಿ! ನಾವ ಮುಂದ ಹೋಗಬೇಕು!"

"ಹೌದ? ಹಂಗಾರ ಹೋಗು, ಆದ್ರ ಹಾರ್ನ್ ಹೊಡದು ಹೋಗು."

ಹಾರ್ನಿನ ಕೀಲಿ ಇರಲಿಲ್ಲ. ಅವರೇ ಬಾಯಿಂದ ಪೊಂಪೊಂ ಎನ್ನುತ್ತಿದ್ದರು. ಹದಿನೈದು ದಿನದಲ್ಲಿ ನಾವು ಅಪ್ಪ ಮಗಳ ಹಾಗೆ ಜಗಳವಾಡುವಷ್ಟು ಹತ್ತಿರವಾದೆವು. ಎಲ್ಲರಿಗಿಂತ ಹಿಂದೆ ಇದ್ದರೂ ಅವರ ಮುಖದಲ್ಲಿ ಎಷ್ಟು ಖುಷಿ!

ತೊಂದರೆ ಒಂದೇ. ಹತ್ತು ಸುತ್ತಿನ ರೇಸು ಏಳಕ್ಕೆ ಬಂದ ಕೂಡಲೇ ಪರದೆಯ ಮೇಲೆ ಬಣ್ಣದ ಗೆರೆ ಬಿದ್ದು ಆಟ ನಿಂತುಬಿಡುತ್ತಿತ್ತು.

ಇಲ್ಲಿ ನಮ್ಮ ಅತ್ತೆಯವರ ಬಗ್ಗೆ ಹೇಳಬೇಕು. ಅವರ ಮನೆಯಲ್ಲಿ ಯಾವ ವಸ್ತುವೂ ಬರಿಮೈಯಲ್ಲಿ ಇರುವ ಹಾಗಿರಲಿಲ್ಲ. ಟಿವಿಗೆ ಕಸೂತಿಯ ಗವಸು, ಮಿಕ್ಸಿಗೆ ನೆರಿಗೆಯ ಲಂಗ, ಫೋನಿಗೆ ಮಖಮಲ್ಲು. ಕಂಪ್ಯೂಟರಿನ ಡಬ್ಬಿಗೆ ದಪ್ಪನೆಯ ನವಿಲಿನ ಚಾದರ. ಆ ನವಿಲನ್ನು ಬಿಡಿಸಿದ್ದೂ ಅದೇ ಕಂಪ್ಯೂಟರ್ ಇದ್ದೀತು. ನಾವು ಆಟಕ್ಕೆ ಕೂತಾಗಲೂ ಅವರು ಹಿಂದಿನಿಂದ ಬಂದು ಕೂಸಿಗೆ ಹೊದಿಸಿದಂತೆ ಚಾದರವನ್ನು ಸುತ್ತಲೂ ಒತ್ತಿ ಹೋಗುತ್ತಿದ್ದರು. ಬೇಡವೆಂದರೆ ಪರದೆಯ ಕಡೆ ಕೈ ಮಾಡಿ, "ಮಾರಿ ಕಾಣ್ತದಲ್ಲ, ಇನ್ನೇನು ಬೇಕು ನಿಮಗ? ಡಬ್ಬಿಯೊಳಗ ಧೂಳ ಹೊಕ್ಕರ ನೀವು ತಗೀತೀರೇನು?" ಎನ್ನುತ್ತಿದ್ದರು.

ಡಬ್ಬಿ ಮುಟ್ಟಿದರೆ ಕಾದ ಹಂಚು. ಆಗ ನನ್ನ ಬುದ್ಧಿ ಓಡಿತು ನೋಡಿ. ಅಕ್ಕಲಕೋಟೆಯ ತವರಿನಲ್ಲಿ ಬೇಸಿಗೆ ಬಂದರೆ ನೀರಿನ ಮಣ್ಣಿನ ಕೊಡಕ್ಕೆ ಒದ್ದೆ ಬಟ್ಟೆ ಸುತ್ತುತ್ತಿದ್ದರು. ಅದನ್ನೇ ಹೇಳಿದೆ. ಅತ್ತೆಗೆ ಈ ಉಪಾಯ ಬಹಳ ಹಿಡಿಸಿತು, ಯಾಕೆಂದರೆ ಇದರಲ್ಲೂ ಹೊದಿಸುವುದಿತ್ತು. ಟವೆಲ್ಲೊಂದನ್ನು ನೀರಲ್ಲಿ ಅದ್ದಿ, ಸರಿಯಾಗಿ ಹಿಂಡದೆಯೇ ಡಬ್ಬಿಗೆ ಸುತ್ತಿದರು. ಮೂರನೆಯ ಸುತ್ತಿಗೆ ಫಟ್ ಎಂದಿತು. ಮನೆಯ ಫ್ಯೂಸೇ ಹೋಯಿತು.

ರಿಪೇರಿಯವರು ಬಂದು ಮುಚ್ಚಳ ಬಿಚ್ಚಿ ಒಣಗಿಸಿದರು. ಎರಡು ದಿನದ ಮೇಲೆ ಯಂತ್ರ ಮತ್ತೆ ಶುರುವಾದದ್ದು ನಮ್ಮ ಪುಣ್ಯ. ಅವರು ಕೈಮುಗಿದು ಮರಾಠಿಯಲ್ಲಿ ಹೇಳಿದರು: "ಆಜಿ, ಯಾಲಾ ಹವಾ ಪಾಯಿಜೆ. ಚಾದರ್ ನಕೋ." ಅಜ್ಜಿ, ಇದಕ್ಕೆ ಗಾಳಿ ಬೇಕು, ಚಾದರ ಬೇಡ. ಅತ್ತೆಯ ಮುಖ ಸಣ್ಣದಾಯಿತು.

ಯಜಮಾನರು ಮಾತ್ರ ಕೆಂಡವಾದರು. "ಇದು ಗೆಳೆಯನ ನಂಬಿಕೀ ಮ್ಯಾಲ ತಂದದ್ದು. ರವಿವಾರದತನ ನೋಡ್ತೀನಿ. ಮತ್ತೊಮ್ಮೆ ಬಂದ್ ಬಿತ್ತಂದ್ರ ವಾಪಸ್ ಕೊಟ್ಟು ಬರ್ತೀನಿ."

ಕಂಪ್ಯೂಟರ್ ಹೋದರೆ ಹೋಗಲಿ. ಮಾವನವರು ಮತ್ತೆ ಆ ಮೂರು ಮಾತಿಗೆ ಇಳಿದರೆ ಆ ಮನೆಯಲ್ಲಿ ನಾನು ಯಾರ ಜೊತೆ ನಗಲಿ? ಮಾವನವರೂ ಆ ವಾರವೆಲ್ಲ ಆಟದ ಸುದ್ದಿಯನ್ನೇ ಎತ್ತಲಿಲ್ಲ. ಯಂತ್ರದ ಮುಂದೆ ಕೂತು ಸುಮ್ಮನೆ ನೋಡುತ್ತಿದ್ದರು.

ರವಿವಾರ ಬೆಳಿಗ್ಗೆ ಎದ್ದವರೇ, "ತಂಗಿ, ಹತ್ತೂ ಸುತ್ತು ಹೊಡದು ತೋರಿಸೋಣು," ಎಂದರು. ಯಜಮಾನರು ಹಿತ್ತಲಲ್ಲಿ ಸೈಕಲ್ ತೊಳೆಯುತ್ತಿದ್ದರು. ಮೇ ತಿಂಗಳ ಸೊಲ್ಲಾಪುರ, ಒಂಬತ್ತಕ್ಕೇ ಗೋಡೆ ಕಾದಿತ್ತು. ಟೇಬಲ್ ಫ್ಯಾನ್ ಹಚ್ಚೋಣವೆಂದರೆ ಫ್ಯೂಸಿನ ಭಯ. ಆಗ ಅತ್ತೆ ಒಳಗಿಂದ ಬೀಸಣಿಗೆ ಹಿಡಿದು ಬಂದರು. ತಾವೇ ಚಾದರ ತೆಗೆದು ಮಡಿಚಿಟ್ಟು, ಮುಚ್ಚಳ ಬಿಚ್ಚಿದ ಡಬ್ಬಿಯ ಪಕ್ಕದಲ್ಲಿ ನಿಂತು, "ನಡಸ್ರಿ ನಿಮ್ಮ ಗಾಡಿ," ಎಂದು ಬೀಸತೊಡಗಿದರು.

ಏಳು ದಾಟಿತು. ಎಂಟು ದಾಟಿತು. ಮಾವನವರು ಪೊಂಪೊಂ ಮರೆತು ಹಲ್ಲು ಕಚ್ಚಿದ್ದರು. ಹತ್ತನೆಯ ಸುತ್ತಿನಲ್ಲಿ ನಮ್ಮ ಮುಂದೆ ಒಂದೇ ಕಾರು, ಅದೂ ಕೈಗೆ ಸಿಗುವಷ್ಟು ಹತ್ತಿರ. "ಈಗ ಬಿಡಬ್ಯಾಡ್ರಿ ಮಾವಾರ!" ಎಂದು ನಾನು ಕೂಗಿದೆ.

ಮಾವನವರು ಯಾಕೋ ಪಕ್ಕಕ್ಕೆ ತಿರುಗಿ ನೋಡಿದರು. ಅತ್ತೆಯ ಮುಖ ಕೆಂಪಾಗಿತ್ತು, ಸೆರಗು ಬೆವರಿನಿಂದ ಒದ್ದೆ, ಬಲಗೈ ಸೋತು ಎಡಗೈಯಿಂದ ಬೀಸುತ್ತಿದ್ದರು. ಮಾವ ಕೀಲಿಯಿಂದ ಕೈ ತೆಗೆದರು. ಕಾರು ರಸ್ತೆ ಬಿಟ್ಟು ಹುಲ್ಲಿಗೆ ನುಗ್ಗಿತು. ಅವರು ಎದ್ದು ಅತ್ತೆಯ ಕೈಯಿಂದ ಬೀಸಣಿಗೆ ಕಸಿದುಕೊಂಡರು.

"ಸಾಕು. ನೀ ಕೂಡು ಇಲ್ಲಿ."

ಅತ್ತೆಯನ್ನು ತಮ್ಮ ಕುರ್ಚಿಯಲ್ಲಿ ಕೂರಿಸಿ ಅವರಿಗೆ ಗಾಳಿ ಹಾಕತೊಡಗಿದರು. "ಅಯ್ಯ, ಸೊಸಿ ಮುಂದ ಇದೇನ್ರಿ, ಬಿಡ್ರಿ," ಎಂದು ಅತ್ತೆ ನಾಚಿ ತಲೆ ತಗ್ಗಿಸಿದರು, ಏಳಲಿಲ್ಲ. ನಾನು ಪರದೆ ನೋಡುವವಳಂತೆ ನಟಿಸಿದೆ. ನನ್ನ ಕಣ್ಣು ತುಂಬಿತ್ತು.

ಅಷ್ಟರಲ್ಲಿ ಯಜಮಾನರು ಬಂದರು. "ಯಾಕ, ಬಂದ್ ಬಿತ್ತೇನು?"

"ಇಲ್ಲೋ. ನಾನ ನಿಲ್ಲಿಸೀನಿ," ಎಂದರು ಮಾವ. ಪರದೆಯ ಮೇಲೆ ನಮ್ಮ ಕಾರು ಹುಲ್ಲಿನಲ್ಲಿ ನಿಂತು ಗುರುಗುಟ್ಟುತ್ತಲೇ ಇತ್ತು. ಕಂಪ್ಯೂಟರ್ ನಮ್ಮಲ್ಲೇ ಉಳಿಯಿತು. ಆಮೇಲೆ ಎಷ್ಟೋ ವರ್ಷ ಆಡಿದೆವು, ಒಂದು ಸಲವೂ ಗೆಲ್ಲಲಿಲ್ಲ.

ಈಗ ಅತ್ತೆ, ಮಾವ ಇಬ್ಬರೂ ಇಲ್ಲ. ಇಷ್ಟನ್ನೆಲ್ಲ ನೆನೆಯುತ್ತ ಕೂತಾಗಲೂ ನನ್ನ ಬೆರಳು ವೇಗದ ಕೀಲಿಯ ಮೇಲೇ ಇತ್ತು. ಯಂತ್ರ ಬಿಸಿಯಾಗಿದ್ದರೂ ಇನ್ನೂ ಓಡುತ್ತಿತ್ತು, ಇನ್ನೆರಡು ಸುತ್ತು ಬಾಕಿ. ಕೈ ತೆಗೆದು ಆಟ ಮುಚ್ಚಿ, ಪಡಸಾಲೆಗೆ ಹೋಗಿ ಯಜಮಾನರ ಪಕ್ಕದಲ್ಲಿ ಕೂತೆ. ನಿವೃತ್ತರಾದ ಮೇಲೆ ಅವರಿಗೂ ಮಾತು ಕಡಿಮೆಯಾಗಿದೆ, ಯಾಕೆಂದು ನಾನೂ ಕೇಳಿದವಳಲ್ಲ. ಪೇಪರಿನಿಂದ ತಲೆ ಎತ್ತಿ ಕೇಳಿದರು:

"ಯಾಕ, ಬಂದ್ ಬಿತ್ತೇನು?"

"ಇಲ್ಲರಿ. ನಾನ ನಿಲ್ಲಿಸಿ ಬಂದೆ. ನಿಮ್ಮ ಕೂಡ ಮಾತಾಡೂಣು ಅಂತ."

ಅವರು ಪೇಪರ್ ಮಡಿಚಿ, ಕನ್ನಡಕ ತೆಗೆದು, ಜ್ವರ ಬಂದಿದೆಯೇನೋ ಎಂದು ನನ್ನ ಹಣೆ ಮುಟ್ಟಿ ನೋಡಿದರು.