ಅಟ್ಟ ಮುಟ್ಟಬೇಡ ಎಂದ ಮಾವ

ನನ್ನ ಸೋದರಮಾವನ ಬಲಗಿವಿಯ ಅಂಚು ಜಡ್ಡುಗಟ್ಟಿ ಕಪ್ಪಗಾಗಿತ್ತು. ಐವತ್ತು ವರ್ಷ ಅಟ್ಟದ ತೆಂಗಿನಕಾಯಿಯನ್ನು ಕಿವಿಗೊತ್ತಿ ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಎನ್ನುತ್ತದೆಯೋ ಎಂದು ಕೇಳಿದ ಕಿವಿ ಅದು. ಹೊನ್ನವಳ್ಳಿ ಸುತ್ತಮುತ್ತ ಕೊಬ್ಬರಿಯ ವಿಷಯದಲ್ಲಿ ಅವನ ಮಾತಿಗೆ ಎದುರಿರಲಿಲ್ಲ. ಅಟ್ಟಕ್ಕೇರಿದ ಕಾಯಿಯನ್ನು ಹತ್ತು ತಿಂಗಳು ಯಾರೂ ಮುಟ್ಟಕೂಡದು. ನೀರು ತಾನಾಗಿ ಇಂಗಿ ಕೊಬ್ಬರಿ ಉಂಡೆಯಾಗಬೇಕು. ನಡುವೆ ಒಂದೇ ಒಂದು ಕಾಯಿ ಒಡೆದು ನೋಡಿದ್ದಕ್ಕೆ ಅತ್ತೆಯನ್ನು ನೆಂಟರೆದುರು ಅಳಿಸಿದ್ದ, ಪುಣ್ಯಾತ್ಮ. "ಅವಸರಕ್ಕೆ ಒಡ್ದೋರಿಗೆ ಕಾಯೂ ಇಲ್ಲ, ಕೊಬ್ರೀನೂ ಇಲ್ಲ ಕಣೇ" ಎನ್ನುತ್ತಿದ್ದ. ಅಪ್ಪ ಸತ್ತ ಮೇಲೆ ನನ್ನನ್ನು ಓದಿಸಿ ಇಂಗ್ಲಿಷ್ ಟೀಚರ್ ಮಾಡಿದವನೂ ಅವನೇ.

ಆ ಇಂಗ್ಲಿಷೇ ಅವನಿಗೆ ಬೇಕಾಯಿತು. ತೆಂಗು ಬೆಳೆಯುವ ದೂರದ ಒಂದು ದ್ವೀಪದಲ್ಲಿ ಬಹುಕಾಲದ ಯುದ್ಧ ನಿಂತು, ಅಲ್ಲಿನವರು ತಮ್ಮದೇ ಸರ್ಕಾರ ಕಟ್ಟಿಕೊಳ್ಳುತ್ತಿದ್ದರು. ಶಾಂತಿ ಉಳಿಯಲೆಂದು ನಾಲ್ಕಾರು ದೇಶಗಳು ನೆರವಿಗೆ ನಿಂತವು. ಬಂದೂಕು ಕೆಳಗಿಟ್ಟವರಿಗೆ ಕಸುಬು ಕಲಿಸಲು ಮಾವನನ್ನು ಕರೆದರು. ಎರಡು ತಿಂಗಳು ಇದ್ದು, ನಲವತ್ತು ಮನೆಗಳಲ್ಲಿ ಅಟ್ಟ ಕಟ್ಟಿಸಿ, ವರ್ಷದ ಬೆಳೆಯನ್ನೆಲ್ಲ ಏರಿಸಿ ಬಂದ. ಆ ಮನೆಗಳಿಗೆಲ್ಲ ಒಬ್ಬ ಹೆಂಗಸು ಮುಂದಾಳು. ತಾನೂ ಕಾಡಿನಲ್ಲಿ ಹೋರಾಡಿದವಳು. ಅವಳ ಮಾತು ನಂಬಿಯೇ ಅವಳ ತಮ್ಮ ಬಂದೂಕು ಒಪ್ಪಿಸಿದ್ದ. ಕಸುಬು ಕೈಕೊಟ್ಟರೆ ಅವನು ಮತ್ತೆ ಕಾಡು ಸೇರುತ್ತಾನೆಂಬ ದಿಗಿಲು ಅವಳಿಗೆ.

ಕಾಯಿ ಏರಿಸಿದ ನಾಲ್ಕನೇ ತಿಂಗಳು ಅವಳ ವಿಡಿಯೋ ಕಾಲ್ ಬಂತು. ಮಾವನ ಪಕ್ಕ ಕೂತು ನಾನು ಎರಡೂ ಕಡೆಯ ಮಾತು ದಾಟಿಸುತ್ತಿದ್ದೆ. ಕಾಯಿ ನಾರುತ್ತಿವೆ, ಕೆಲವು ಮೊಳೆತಿವೆ, ಉಳಿದದ್ದನ್ನಾದರೂ ಒಡೆದು ಒಣಗಿಸಲೇ ಎಂದು ಕೇಳಿದಳು.

"ಮುಟ್ಬ್ಯಾಡ ಅನ್ನು. ನಮ್ ತಾತನ ಕಾಲ್ದಿಂದ ಇಲ್ದಿದ್ದು ಅಲ್ಲೇನ್ ಬಂದ್ಬುಡ್ತು?"

"ಮಾವ, ಅದು ಸಮುದ್ರದ ಗಾಳಿ. ನಮ್ಮ ತಿಪಟೂರು ಕಡೆಯ ಒಣಹವೆ ಅಲ್ಲೆಲ್ಲಿ?"

"ನಂಗೇ ಪಾಠ ಮಾಡೋಕ್ ಬತ್ತೀಯಾ? ಹೇಳಿದಷ್ಟು ಹೇಳು!"

ಹೇಳಿದೆ. ಅವಳು ಎದೆಯ ಮೇಲೆ ಕೈಯಿಟ್ಟು ಆಗಲಿ ಎಂದು ತಲೆಯಾಡಿಸಿದಳು.

ಹತ್ತನೇ ತಿಂಗಳು ಅಟ್ಟದಿಂದ ಕಾಯಿ ಇಳಿಸಿದರೆ ನಲವತ್ತು ಮನೆಯಲ್ಲೂ ಕೊಳೆತ ಲೋಳೆ. ಅಷ್ಟರಲ್ಲಿ ನೆರವಿನವರ ಅವಧಿ ಮುಗಿದು, ಯೋಜನೆ ಯಶಸ್ವಿ ಎಂದು ಫೋಟೊ ತೆಗೆಸಿಕೊಂಡು ವಿಮಾನ ಹತ್ತಿದ್ದರು, ಮಹಾನುಭಾವರು. ಹೊಸ ಸರ್ಕಾರದ ಕೈ ಬರಿದು. ಅವಳ ತಮ್ಮ ಮತ್ತೆ ಕಾಡಿಗೆ ಹೋದ; ಮೂರು ವಾರಕ್ಕೆ ಹೆಣವಾಗಿ ಬಂದ. ಅವಳು ಕೊನೆಯ ಸಲ ಕರೆ ಮಾಡಿ ಸಾವಿನ ಸುದ್ದಿ ಹೇಳಿದಳು, ಅಳಲಿಲ್ಲ. "ಮುಟ್ಟಬೇಡ ಅಂದಿರಿ, ಮುಟ್ಟಲಿಲ್ಲ" ಎಂದು ಫೋನಿಟ್ಟಳು.

ಎಲ್ಲವನ್ನೂ ಮಾವನಿಗೆ ಕನ್ನಡದಲ್ಲಿ ಹೇಳಿದೆ. ಎಂದೂ ಮೆತ್ತಗೆ ಮಾತಾಡದವನು ಮೆತ್ತಗೆ ಕೇಳಿದ: "ತಾಯೀ, ಅವತ್ತು ನೀನೇನಾರ ಇಂಗ್ಲಿಷ್ನಲ್ಲಿ ತಪ್ಪು ಹೇಳ್ಬುಟ್ಯೇನೇ?"

ಹೂಂ ಅನ್ನು ಎಂದು ಅವನ ಕಣ್ಣುಗಳು ಬೇಡುತ್ತಿದ್ದವು. ನನಗೋ ಅವನ ಮೇಲೆ ಸಿಟ್ಟು. "ಇಲ್ಲ. ನೀನು ಹೇಳಿದ್ದನ್ನೇ, ಒಂದಕ್ಷರ ಬಿಡದೆ ಹೇಳಿದೆ" ಎಂದೆ.

ಆಮೇಲೆ ಅವನಿಗೆ ಊಟ ಸೇರಲಿಲ್ಲ. ತಿಂಗಳೊಳಗೆ ಹೋದ. ಅನ್ನ ಹಾಕಿ ಓದಿಸಿದವನು ಜೀವಮಾನದಲ್ಲಿ ನನ್ನ ಹತ್ತಿರ ಕೇಳಿದ್ದು ಅದೊಂದೇ ಸುಳ್ಳು. ನಾನು ಅದನ್ನೂ ಕೊಡಲಿಲ್ಲ.